ಕೈ ಕಟ್ಟಿಕೊಂಡು ನೋಡುವ ಕಡಲು

ನೇತ್ರಾಣಿಯಲ್ಲಿ ಸಿಲಿಂಡರ್ ಬೆನ್ನಿಗೇರಿಸಿ ನೀರಿಗಿಳಿಯುವವರಲ್ಲಿ ಬಹುಪಾಲು ಮಂದಿಗೆ ಅದು ಬದುಕಿನ ಮೊದಲ ಡೈವ್. ಹಲವರಿಗೆ ಈಜೂ ಬರುವುದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು, ಮುರುಡೇಶ್ವರದಲ್ಲಿ ದೋಣಿ ಹತ್ತಿ, ತೀರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ಆ ದ್ವೀಪದ ಮಗ್ಗುಲಲ್ಲಿ ಸ್ವಲ್ಪ ಹೊತ್ತು ಮುಳುಗಿದ್ದು, ಸಂಜೆಗೆ ಮತ್ತೆ ಊರಿನ ದಾರಿ ಹಿಡಿಯುತ್ತಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿನ ನೀರಿಗಿಳಿದದ್ದನ್ನು ಕಂಡ ಮೇಲಂತೂ ಕಡಲು ನೋಡದ ಊರುಗಳಲ್ಲೂ ನೇತ್ರಾಣಿಯ ಹೆಸರು ಓಡಾಡುತ್ತಿದೆ. ಇದು ಸಂತೋಷದ ಸಂಗತಿಯೇ. ರಾಜ್ಯಕ್ಕೆ 300 ಕಿಲೋಮೀಟರಿಗೂ ಉದ್ದದ ಕರಾವಳಿ ಇದ್ದರೂ ಘಟ್ಟದ ಮೇಲಿನ ನಮ್ಮಲ್ಲಿ ಹೆಚ್ಚಿನವರಿಗೆ ಕಡಲೆಂದರೆ ದಡದಲ್ಲಿ ನಿಂತು ಕಾಲು ತೋಯಿಸಿಕೊಳ್ಳುವ ಜಾಗ, ಊಟದ ತಟ್ಟೆಗೆ ಬಂಗುಡೆ, ಅಂಜಲ್ ಬರುವ ಜಾಗ. ಮೀನು ಬದುಕುವುದನ್ನು ಅದರ ಮನೆಯಲ್ಲೇ ನೋಡುವ ಅವಕಾಶ ಸಾಮಾನ್ಯರಿಗೆ ಸಿಗುತ್ತಿರುವುದು ಈಚೆಗೆ.

ದೋಣಿಯ ಮೇಲೆ ಇವರಿಗೆ ಹೇಳಿಕೊಡುವ ಪಾಠ ಚಿಕ್ಕದು. ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬೇಡಿ. ಮೂಗು ಒತ್ತಿ ಮೆಲ್ಲಗೆ ಊದಿ ಕಿವಿ ಸರಿಮಾಡಿಕೊಳ್ಳಿ. ಹೆಬ್ಬೆರಳು ಮೇಲೆ ಮಾಡಿದರೆ ‘ಮೇಲೆ ಹೋಗೋಣ’ ಎಂದರ್ಥ. ಎಲ್ಲ ಸರಿಯಿದ್ದರೆ ಹೆಬ್ಬೆರಳು-ತೋರುಬೆರಳು ಸೇರಿಸಿ ಸುತ್ತು ಮಾಡಿ ತೋರಿಸಿ. ಇವೆಲ್ಲ ಪ್ರಾಣದ ಮಾತು, ಮೊದಲು ಹೇಳಲೇಬೇಕಾದದ್ದು. ಕೊನೆಗೆ, ಎಲ್ಲರೂ ಮಾಸ್ಕ್ ಸರಿಪಡಿಸಿಕೊಳ್ಳುವ ಗಡಿಬಿಡಿಯಲ್ಲಿರುವಾಗ, ಕಡಲಿನ ಪರವಾಗಿ ಒಂದು ಸಾಲು ಬರುತ್ತದೆ: ಏನನ್ನೂ ಮುಟ್ಟಬೇಡಿ.

ಆ ಒಂದು ಸಾಲು ಸಾಲದು ಎಂಬುದನ್ನು ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪದಲ್ಲಿ ಅಳೆದೇ ನೋಡಿದ್ದಾರೆ. ಸಂಶೋಧಕರು ನೂರಾರು ಡೈವರ್‌ಗಳ ಹಿಂದೆ ಸದ್ದಿಲ್ಲದೆ ಈಜುತ್ತಾ, ಯಾರು ಎಷ್ಟು ಸಲ ಹವಳಕ್ಕೆ ತಾಗಿದರು ಎಂದು ಎಣಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸುಮಾರು ಮುಕ್ಕಾಲು ಪಾಲು ಜನ ಕನಿಷ್ಠ ಒಮ್ಮೆಯಾದರೂ ತಾಗಿದ್ದರು. ತಾಗಿದ್ದು ಹೆಚ್ಚಾಗಿ ಕೈಯಲ್ಲ, ಕಾಲಿನ ಫಿನ್. ಕ್ಯಾಮೆರಾ ಹಿಡಿದವರು ಇತರರಿಗಿಂತ ಹೆಚ್ಚು ತಾಗಿದರು. ಬ್ರೀಫಿಂಗ್‌ನಲ್ಲಿ ಒಂದು ವಾಕ್ಯದ ಎಚ್ಚರಿಕೆ ಸೇರಿಸಿದ್ದರಿಂದ ಏನೂ ಬದಲಾಗಲಿಲ್ಲ. ಬದಲಾದದ್ದು ಡೈವ್ ಮಾಸ್ಟರ್ ನೀರೊಳಗೇ ಹತ್ತಿರ ಬಂದು, ತಾಗುತ್ತಿರುವವನ ತೋಳು ತಟ್ಟಿ, ಕಾಲನ್ನು ಎತ್ತಿಸಿದಾಗ. ತಾಗಿದವರಲ್ಲಿ ಬೇಕೆಂದೇ ಕೆಡಿಸಲು ಬಂದವರು ಇರಲಿಕ್ಕಿಲ್ಲ. ಅವರಿಗೆ ತಮ್ಮ ದೇಹ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ.

ಹಾಗಾಗಿ ನೀರೊಳಗಿನ ಸಭ್ಯತೆ ಶುರುವಾಗುವುದು ಒಳ್ಳೆಯ ಮನಸ್ಸಿನಿಂದಲ್ಲ, ತೇಲುವ ವಿದ್ಯೆಯಿಂದ ಎಂದು ನಾನು ನಂಬುತ್ತೇನೆ. ಫಿನ್ ಹಾಕಿದ ಮೇಲೆ ಕಾಲು ಸಾಕಷ್ಟು ಉದ್ದವಾಗುತ್ತದೆ, ಆ ಉದ್ದ ಕಣ್ಣಿಗೆ ಕಾಣದ ಹಿಂಬದಿಯಲ್ಲಿರುತ್ತದೆ. ಮಾಸ್ಕಿನ ಗಾಜಿನ ಮೂಲಕ ಎಲ್ಲವೂ ಇದ್ದದ್ದಕ್ಕಿಂತ ಹತ್ತಿರ, ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸೊಂಟಕ್ಕೆ ಕಟ್ಟಿದ ಸೀಸದ ತೂಕ ಹೆಚ್ಚಾದರೆ ಕಾಲು ಕೆಳಗಿಳಿದು ಡೈವರ್ ನೆಟ್ಟಗೆ ನಿಲ್ಲುತ್ತಾನೆ; ಮುಳುಗದಿರಲು ಒದೆಯುತ್ತಾನೆ; ಒದೆತಕ್ಕೆ ತಳದ ಮರಳೆದ್ದು ಹವಳದ ಮೇಲೆ ಕೂರುತ್ತದೆ. ಪಳಗಿದವರು ಮಲಗಿದ ಭಂಗಿಯಲ್ಲೇ ಸಾಗುತ್ತಾರೆ. ಮೊಣಕಾಲು ಮಡಚಿ, ಪಾದವನ್ನು ಪಕ್ಕಕ್ಕೆ ತಳ್ಳಿ, ಕಪ್ಪೆಯ ಹಾಗೆ ಒದೆಯುವುದರಿಂದ ನೀರು ಕೆಳಕ್ಕಲ್ಲ, ಹಿಂದಕ್ಕೆ ಹೋಗುತ್ತದೆ. ಏರಿಳಿಯುವುದಕ್ಕೆ ಅವರು ಬಳಸುವುದು ಕಾಲನ್ನಲ್ಲ, ಶ್ವಾಸಕೋಶವನ್ನು. ತುಂಬ ಉಸಿರೆಳೆದರೆ ಒಂದೆರಡು ಕ್ಷಣ ಬಿಟ್ಟು ಮೈ ಮೆಲ್ಲಗೆ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಆ ಒಂದೆರಡು ಕ್ಷಣದ ತಡವನ್ನು ಮೈಗೂಡಿಸಿಕೊಳ್ಳುವುದೇ ಡೈವರ್‌ಗಳು ‘ಬಾಯನ್ಸಿ’ ಎನ್ನುವ ತೇಲುವ ವಿದ್ಯೆ. ಅದು ಬಂದವನಿಗೆ ಕೈಗೆ ಕೆಲಸವಿಲ್ಲ. ಎದೆಯ ಮೇಲೆ ಕೈಕಟ್ಟಿಕೊಂಡು ಹವಳದ ಮೇಲೆ ಒಂದು ಮೊಳದೆತ್ತರದಲ್ಲಿ ನಿಶ್ಚಲವಾಗಿ ನಿಲ್ಲಬಲ್ಲ.

ಅಂದೇ ಮೊದಲ ಸಲ ಇಳಿದವರಿಗೆ ಇದೆಲ್ಲ ಬರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದು ಅವರನ್ನು ನಡೆಸುತ್ತಾರೆ. ಆಳ, ದಿಕ್ಕು, ವೇಗ ಎಲ್ಲವೂ ಇನ್‌ಸ್ಟ್ರಕ್ಟರ್ ಕೈಯಲ್ಲಿ. ಹೊಸಬರ ವಶದಲ್ಲಿ ಉಳಿಯುವುದು ಅವರ ಎರಡು ಕೈ, ಎರಡು ಕಾಲು. ಕಾಲನ್ನು ಸಡಿಲ ಬಿಡುವುದು, ಕೈಗಳನ್ನು ಕಟ್ಟಿಕೊಳ್ಳುವುದು, ಅಷ್ಟಾದರೆ ಸಾಕು. ಕಷ್ಟವಾಗುವುದೂ ಅಲ್ಲೇ. ಹೆದರಿದ ಮನುಷ್ಯ ಹಿಡಿದುಕೊಳ್ಳಲು ಏನಾದರೂ ಹುಡುಕುತ್ತಾನೆ, ಎದುರಿಗೆ ಸಿಗುವುದು ಬಂಡೆ.

ಆ ಬಂಡೆ ಬಂಡೆಯಲ್ಲ ಎಂಬುದು ಮೊದಲೇ ಗೊತ್ತಿದ್ದರೆ ಕೈ ಹಿಂದೆ ಸರಿದೀತು. ಹವಳದ ಕಲ್ಲಿನಂಥ ಭಾಗ ಅದು ಕಟ್ಟಿಕೊಂಡ ಸುಣ್ಣದ ಗೂಡು. ಜೀವವಿರುವುದು ಅದರ ಹೊರಮೈಗೆ ಅಂಟಿದ ತೆಳು ಪದರದಲ್ಲಿ. ಸಾವಿರಾರು ಪುಟ್ಟ ಜೀವಿಗಳು ಒತ್ತೊತ್ತಾಗಿ ಕೂತಿರುತ್ತವೆ, ಒಂದೊಂದಕ್ಕೂ ಬಾಯಿದೆ, ಅದರ ಸುತ್ತ ಎಳೆಗಳಿವೆ. ಅವುಗಳ ಮೈಯೊಳಗೆ ಪಾಚಿ ವಾಸವಾಗಿದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೆ ಪಾಲು ಕೊಡುತ್ತದೆ. ಇಷ್ಟನ್ನೂ ಕಾಯುವುದು ಒಂದು ಲೋಳೆಯ ಹೊದಿಕೆ. ಬೆರಳೊತ್ತಿದರೆ ಆ ಹೊದಿಕೆ ಕಿತ್ತುಬರುತ್ತದೆ, ಕೆಳಗಿನ ಜೀವಪದರ ಗೂಡಿನ ಚೂಪಿಗೆ ಸಿಕ್ಕಿ ಹರಿಯುತ್ತದೆ, ಗಾಯದಲ್ಲಿ ಸೋಂಕು ಹುಟ್ಟಬಹುದು. ಕೊಂಬೆಕೊಂಬೆಯಾಗಿ ಬೆಳೆಯುವ ಹವಳ ಬೇಗ ಚಿಗುರುತ್ತದೆ. ಗುಂಡುಗುಂಡಾಗಿ ಬೆಳೆಯುವ ಪೊರೈಟಿಸ್‌ನಂಥವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಮನುಷ್ಯ ತಬ್ಬಲಾಗದಷ್ಟು ದೊಡ್ಡ ಗುಂಡು ಕಂಡರೆ ಅದು ನಮ್ಮ ಅಜ್ಜನ ಅಜ್ಜನ ಕಾಲದ್ದಾಗಿರಬಹುದು.

ಮುಟ್ಟಬಾರದು ಎಂಬ ಈ ಮರ್ಯಾದೆ ಸ್ಕೂಬಾದ ಜೊತೆಗೇ ಹುಟ್ಟಿದ್ದಲ್ಲ. ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ಬೇಡಿಕೆಗೆ ತಕ್ಕಂತೆ ಗಾಳಿ ಕೊಡುವ ರೆಗ್ಯುಲೇಟರ್ ರೂಪಿಸಿದ ಮೇಲೆ ಮನುಷ್ಯ ಮೀನಿನಂತೆ ಸ್ವತಂತ್ರವಾಗಿ ಈಜಾಡತೊಡಗಿದ. 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಕುಸ್ಟೋ ಅವರ ‘ದಿ ಸೈಲೆಂಟ್ ವರ್ಲ್ಡ್’ ಚಿತ್ರ ಜಗತ್ತಿಗೆ ಕಡಲಿನ ಒಡಲನ್ನು ತೋರಿಸಿತು. ಅದೇ ಚಿತ್ರದಲ್ಲಿ ಅವರ ತಂಡದವರು ಆಮೆಗೆ ಜೋತುಬಿದ್ದು ಸವಾರಿ ಮಾಡುತ್ತಾರೆ. ಮೀನಿನ ಲೆಕ್ಕ ತೆಗೆಯಲು ಹವಳದ ದಿಬ್ಬಕ್ಕೆ ಡೈನಮೈಟ್ ಇಡುತ್ತಾರೆ. ತಿಮಿಂಗಿಲದ ಸತ್ತ ಮರಿಗೆ ಮುತ್ತಿದ ಶಾರ್ಕ್‌ಗಳನ್ನು ಹಡಗಿಗೆಳೆದು ಬಡಿದು ಕೊಲ್ಲುತ್ತಾರೆ. ಇಂದು ನೋಡಿದರೆ ಹೊಟ್ಟೆ ಕಿವುಚುತ್ತದೆ. ಕುಸ್ಟೋ ಮುಂದೆ ಕಡಲಿನ ರಕ್ಷಣೆಗಾಗಿಯೇ ಬದುಕನ್ನು ಮುಡಿಪಿಟ್ಟರು. ಒಂದೇ ತಲೆಮಾರಿನಲ್ಲಿ, ಒಬ್ಬನೇ ಮನುಷ್ಯನಲ್ಲಿ ಇಷ್ಟು ದೊಡ್ಡ ಬದಲಾವಣೆ ಸಾಧ್ಯವಾಯಿತು ಎನ್ನುವುದು ನನಗೆ ಬಹಳ ಧೈರ್ಯ ಕೊಡುವ ಸಂಗತಿ.

ಮುಟ್ಟದೆಯೂ ತೊಂದರೆ ಕೊಡಬಹುದು. ಇದನ್ನು ಅರಿಯಲು ಹವಳದ ಬಂಡೆಗಳಲ್ಲಿ ಡೈವರ್‌ಗಳು ‘ಕ್ಲೀನಿಂಗ್ ಸ್ಟೇಷನ್’ ಎನ್ನುವ ಜಾಗವೊಂದರ ಬಳಿ ಸುಮ್ಮನೆ ನಿಲ್ಲಬೇಕು. ಬೆರಳುದ್ದದ, ಮೈಯುದ್ದಕ್ಕೂ ಕಪ್ಪು ಪಟ್ಟೆಯಿರುವ ನೀಲಿ ಮೀನು ಅಲ್ಲಿ ಕುಣಿಯುತ್ತಾ ಈಜುತ್ತಿರುತ್ತದೆ; ಕ್ಲೀನರ್ ರಾಸ್ ಎಂದು ಅದರ ಹೆಸರು. ಭಾನುವಾರ ಬೆಳಿಗ್ಗೆ ಕ್ಷೌರದಂಗಡಿ ಮುಂದೆ ಕಾದು ಕೂತವರ ಹಾಗೆ ಬೇರೆ ಮೀನುಗಳು ಅಲ್ಲಿ ಸರದಿ ಕಾಯುತ್ತವೆ. ಗೊಬ್ರ ಮೀನೊಂದು ಮುಂದೆ ಬಂದು ಬಾಯಿ ಅಗಲಿಸಿ, ಕಿವಿರು ತೆರೆದು, ಅಲುಗಾಡದೆ ನಿಲ್ಲುತ್ತದೆ. ಕೆಲವು ಮೀನುಗಳು ತಲೆ ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತವೆ, ಕೆಲವುಗಳ ಬಣ್ಣವೇ ಬದಲಾಗುತ್ತದೆ. ಈ ಪುಟ್ಟ ಮೀನು ಒಂದೇ ಗುಕ್ಕಿಗೆ ತುತ್ತಾಗಬಹುದಾದ ಬಾಯೊಳಗೆ ಹೊಕ್ಕು, ಹಲ್ಲುಸಂದಿಯಿಂದ, ಕಿವಿರಿನ ಎಳೆಗಳಿಂದ ರಕ್ತಹೀರುವ ಪರಾವಲಂಬಿಗಳನ್ನು ಹೆಕ್ಕಿ ತಿಂದು, ಇನ್ನೊಂದು ಬದಿಯಿಂದ ಹೊರಬರುತ್ತದೆ. ಗೊಬ್ರ ಬಾಯಿ ಮುಚ್ಚುವ ಮುನ್ನ ಒಮ್ಮೆ ಸಣ್ಣಗೆ ನಡುಗಿ ಸೂಚನೆ ಕೊಡುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಕೆಲವು ಸಣ್ಣ ಹವಳದ ದಿಬ್ಬಗಳಿಂದ ಈ ಮೀನನ್ನು ಎಂಟೂವರೆ ವರ್ಷ ದೂರವಿಟ್ಟು ನೋಡಿದಾಗ, ಅಲ್ಲಿ ಉಳಿದ ಮೀನುಗಳ ಸಂಖ್ಯೆಯೂ ಬಗೆಯೂ ಕಡಿಮೆಯಾಗಿದ್ದವು.

ಇಂಥ ಜಾಗಕ್ಕೆ ಡೈವರ್ ಒಬ್ಬ ಕ್ಯಾಮೆರಾ ಮುಂದೊಡ್ಡಿ ನುಗ್ಗಿದರೆ ಸರದಿ ಚೆದುರುತ್ತದೆ. ಏನನ್ನೂ ಮುಟ್ಟಿರುವುದಿಲ್ಲ, ಮುರಿದಿರುವುದಿಲ್ಲ. ಆದರೆ ಮೈತುಂಬ ಹುಳ ಹೊತ್ತು ಬಂದ ಮೀನು ಹಾಗೆಯೇ ಹಿಂದಿರುಗಿದೆ. ನಾಲ್ಕು ಮೀಟರ್ ದೂರದಲ್ಲಿ, ಬಂಡೆಗಿಂತ ತುಸು ಕೆಳಮಟ್ಟದಲ್ಲಿ, ನಿಧಾನವಾಗಿ ಉಸಿರಾಡುತ್ತಾ ನಿಂತರೆ ಐದು ನಿಮಿಷದಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಆಗ ಕಾಣುವುದು ಬೆನ್ನಟ್ಟಿ ಹೋದವನಿಗೆ ಎಂದೂ ಕಾಣದು.

ಕಡಲಾಮೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆಮೆ ನಮ್ಮಂತೆಯೇ ಗಾಳಿ ಉಸಿರಾಡುವ ಪ್ರಾಣಿ. ಬಂಡೆಯ ಕೆಳಗೆ ಒರಗಿ ಮಲಗಿದಾಗ ಬಹಳ ಹೊತ್ತು ಉಸಿರಿಲ್ಲದೆ ಇರಬಲ್ಲದು. ಗಾಬರಿಯಿಂದ ಈಜುವಾಗ ಅದೇ ಆಮ್ಲಜನಕ ಬೇಗ ಬೇಗ ಕರಗುತ್ತದೆ. ಮಲಗಿದ ಆಮೆಯ ಸುತ್ತ ಆರು ಮಂದಿ ಮುತ್ತಿಕೊಂಡರೆ, ಅದು ಎದ್ದು ಮೇಲಕ್ಕೆ ಹೊರಟಾಗ ಒಬ್ಬ ಅದರ ನೆತ್ತಿಯ ಮೇಲೆಯೇ ತೇಲುತ್ತಿದ್ದರೆ, ಅದು ಉಸಿರಿಗಾಗಿ ಹೋಗುವ ದಾರಿಗೇ ಅಡ್ಡ ನಿಂತಂತೆ. ಎದುರಿನಿಂದ ಹೋಗಬಾರದು, ಮೇಲಿನಿಂದ ಹೋಗಬಾರದು. ಪಕ್ಕದಿಂದ, ದೂರದಿಂದ ನೋಡಬೇಕು. ಅದು ಮೇಯುತ್ತಲೇ ಇದ್ದರೆ ನಮ್ಮ ಇರವನ್ನು ಒಪ್ಪಿದೆ ಎಂದರ್ಥ. ತಲೆಯೆತ್ತಿ ತಿರುಗಿ ಹೊರಟಿತೋ, ಅಲ್ಲಿಗೆ ಭೇಟಿ ಮುಗಿಯಿತು. ಹಿಂಬಾಲಿಸಬಾರದು.

ದೊಡ್ಡ ಪ್ರಾಣಿಗಳಿಗೆ ಕೆಲವು ಊರುಗಳಲ್ಲಿ ಈ ದೂರವನ್ನು ಅಳತೆ ಕಟ್ಟಿಯೇ ನಿಗದಿ ಮಾಡಿದ್ದಾರೆ. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ನಮ್ಮ ಕರಾವಳಿಯಲ್ಲೂ ಆಗೀಗ ಕಾಣಿಸುತ್ತದೆ. ಆಸ್ಟ್ರೇಲಿಯಾದ ನಿಂಗಲೂನಲ್ಲಿ ಅದರ ಮೈಯಿಂದ ಕನಿಷ್ಠ 3 ಮೀಟರ್ ದೂರವಿರಬೇಕು, ಒಂದು ಮೀನಿನ ಬಳಿ ಒಮ್ಮೆಗೆ 10ಕ್ಕಿಂತ ಹೆಚ್ಚು ಜನ ಈಜುವಂತಿಲ್ಲ. ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಗೆ ಮಾಂಟಾ ತೊರಕೆಗಳು ಗುಂಪುಗುಂಪಾಗಿ ಮೇಯಲು ಬರುತ್ತವೆ. ಗಾಳಿಗುಳ್ಳೆಗಳಿಂದ ಅವುಗಳ ಊಟಕ್ಕೆ ಭಂಗವಾಗಬಾರದೆಂದು ಅಲ್ಲಿ ಸ್ಕೂಬಾವನ್ನೇ ನಿಷೇಧಿಸಿದ್ದಾರೆ, ಸ್ನಾರ್ಕೆಲ್ ಹಾಕಿ ಮೇಲಿನಿಂದ ನೋಡಬಹುದು. ಫಿಲಿಪ್ಪೀನ್ಸ್‌ನ ಓಸ್ಲೊಬ್‌ನಲ್ಲಿ ಇದಕ್ಕೆ ತದ್ವಿರುದ್ಧ. ಪ್ರವಾಸಿಗರಿಗೆ ಖಚಿತವಾಗಿ ತೋರಿಸಲೆಂದು ತಿಮಿಂಗಿಲ ಶಾರ್ಕ್‌ಗಳಿಗೆ ದಿನವೂ ದೋಣಿಯಿಂದ ಸಣ್ಣ ಸೀಗಡಿ ಸುರಿಯುತ್ತಾರೆ. ಅಲೆಮಾರಿ ಮೀನುಗಳು ಅಲ್ಲೇ ನೆಲೆ ನಿಲ್ಲತೊಡಗಿವೆ, ದೋಣಿ ಎಂದರೆ ಊಟ ಎಂದು ಕಲಿತಿವೆ, ಮೈಮೇಲೆ ಗಾಯದ ಗುರುತುಗಳನ್ನು ಹೊತ್ತಿವೆ. ಕಡಲಿನಲ್ಲಿ ಪ್ರಾಣಿಗೆ ತಿನ್ನಿಸುವುದು ಪ್ರೀತಿಯೆಂದು ನಮಗೆ ಅನ್ನಿಸಬಹುದು. ಅದರ ಬೆಲೆ ತೆರುವುದು, ಎಲ್ಲ ದೋಣಿಯನ್ನೂ ನಂಬುವುದನ್ನು ಕಲಿತ ಆ ಮೀನು.

ನಮ್ಮ ದೇಶದಲ್ಲೇ ಇದಕ್ಕೆ ಉತ್ತರದಂತಿರುವ ಕತೆಯೊಂದಿದೆ. ಗುಜರಾತಿನ ಸೌರಾಷ್ಟ್ರದ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಬೇಟೆಯಾಡುತ್ತಿದ್ದರು. 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಯಿತು. ಮೂರು ವರ್ಷಗಳ ನಂತರ ಅಲ್ಲಿ ಆಂದೋಲನ ಶುರುವಾದಾಗ ಕಥಾವಾಚಕ ಮೊರಾರಿ ಬಾಪು ಆ ಮೀನನ್ನು ತವರಿಗೆ ಬಾಣಂತನಕ್ಕೆ ಬರುವ ಮಗಳೆಂದು ಜನರಿಗೆ ಹೇಳಿದರು. ಅಂದಿನಿಂದ ಬೆಸ್ತರು ತಮ್ಮ ಬಲೆಯನ್ನು ತಾವೇ ಕತ್ತರಿಸಿ ನೂರಾರು ಮೀನುಗಳನ್ನು ಬಿಟ್ಟಿದ್ದಾರೆ. ಹರಿದ ಬಲೆಗೆ ಸರ್ಕಾರ ಪರಿಹಾರ ಕೊಡುತ್ತದೆ. ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವವರು ಇಷ್ಟು ಮಾಡಬಲ್ಲರಾದರೆ, ರಜೆಯ ಖುಷಿಗೆ ಇಳಿಯುವ ನಾವು ಎರಡು ಕೈ ಕಟ್ಟಿಕೊಳ್ಳುವುದು ದೊಡ್ಡದಲ್ಲ.

ಕಾನೂನು ಗೊತ್ತಿಲ್ಲದೆ ಸಿಕ್ಕಿಬೀಳುವವರೂ ಇದ್ದಾರೆ. ಗಟ್ಟಿ ಹವಳ, ಸೀ ಫ್ಯಾನ್, ಕಡಲ ಸೌತೆ, ಕಡಲ್ಗುದುರೆ, ದೈತ್ಯ ಕಪ್ಪೆಚಿಪ್ಪು, ಎಲ್ಲ ಕಡಲಾಮೆಗಳು ಭಾರತದಲ್ಲಿ ರಕ್ಷಿತ ಜೀವಿಗಳು. ಸತ್ತ ಹವಳದ ತುಂಡೇ ಆದರೂ ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ.

ಫೋಟೋದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಈಗ ತೊಂದರೆಯ ಮೂಲ ಬಹುಮಟ್ಟಿಗೆ ಅದೇ. ಫ್ಲಾಷ್ ಬೆಳಕಿನಿಂದ ಮೀನು ಕುರುಡಾಗುತ್ತದೆ ಎಂಬ ಮಾತು ಡೈವರ್‌ಗಳಲ್ಲಿ ಹಬ್ಬಿದೆ. ಮರಳುತಳದಲ್ಲಿ ಬದುಕುವ ಕಡಲ್ಗುದುರೆಯಂಥ ಮೀನುಗಳ ಮೇಲೆ ನಡೆದ ಅಧ್ಯಯನ ಬೇರೆಯದನ್ನೇ ಹೇಳಿತು. ಡೈವರ್ ಹತ್ತಿರ ಇರುವುದರಿಂದ ಆಗುವ ಕಿರಿಕಿರಿಗಿಂತ ಹೆಚ್ಚಿನದು ಫ್ಲಾಷ್‌ನಿಂದ ಆಗಲಿಲ್ಲ. ಮೀನುಗಳು ನಿಜಕ್ಕೂ ಕಂಗೆಟ್ಟದ್ದು ಅವುಗಳನ್ನು ಕೈಯಿಂದ, ಕಡ್ಡಿಯಿಂದ ತಳ್ಳಿದಾಗ, ಎತ್ತಿದಾಗ. ಚಿತ್ರಕ್ಕೆ ಒಳ್ಳೆಯ ಹಿನ್ನೆಲೆ ಸಿಗಲೆಂದು ಕಡಲ್ಗುದುರೆಯನ್ನು ಅದು ಬಾಲ ಸುತ್ತಿಕೊಂಡ ಎಸಳಿನಿಂದ ಬಿಡಿಸುತ್ತಾರೆ; ಪಫರ್ ಮೀನನ್ನು ಚುಚ್ಚಿ ಚೆಂಡಿನಂತೆ ಉಬ್ಬಿಸುತ್ತಾರೆ. ಉಬ್ಬುವುದು ಅದರ ಪಾಲಿಗೆ ಸಾಯುವ ಮುನ್ನ ಉಳಿದ ಕೊನೆಯ ಉಪಾಯ. ಆ ಚಿತ್ರದಲ್ಲಿ ಕಾಣುವ ಗುಂಡು ಮೈ, ಅಗಲಿಸಿದ ಕಣ್ಣು ಭಯ ಮಾತ್ರ. ಅಂಥ ಚಿತ್ರಕ್ಕೆ ನಾವು ಮೆಚ್ಚುಗೆ ಒತ್ತುವುದನ್ನು ನಿಲ್ಲಿಸುವುದೂ ಈ ಸಭ್ಯತೆಯ ಭಾಗ.

ಜೊತೆಗಾರರೊಡನೆಯೂ ನಡವಳಿಕೆಯ ಕ್ರಮವಿದೆ. ಏನೋ ಅಪರೂಪದ್ದು ಕಂಡರೆ ಒಂದೆರಡು ಚಿತ್ರ ತೆಗೆದು ಹಿಂದೆ ಸರಿದು ಮುಂದಿನವರಿಗೆ ಜಾಗ ಬಿಡಬೇಕು. ಸಿಲಿಂಡರ್ ಬಡಿದು ಕರೆಯುವುದನ್ನು ತೀರಾ ಅಗತ್ಯವಿದ್ದರೆ ಮಾತ್ರ ಮಾಡಬೇಕು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ವೇಗವಾಗಿ ಹೋಗುತ್ತದೆ, ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ ಗಾಬರಿಯಾಗುತ್ತಾರೆ, ಮೀನು ಕೂಡ. ಗಾಳಿ ಕಡಿಮೆಯಾದದ್ದನ್ನು ಮುಚ್ಚಿಡಬಾರದು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು, ಆಮೇಲೆ ದೋಣಿಯಲ್ಲಿ ಅದನ್ನು ಯಾರೂ ಆಡಿಕೊಳ್ಳಬಾರದು. ಡೈವರ್‌ಗಳ ಈ ಹಳೆಯ ಕಟ್ಟಳೆ ನನಗೆ ತುಂಬ ಪ್ರಿಯ. ನೆಮ್ಮದಿಯಲ್ಲಿರುವ ಡೈವರ್‌ನಿಂದ ಹವಳಕ್ಕೂ ಅಪಾಯ ಕಡಿಮೆ.

ಇಷ್ಟೆಲ್ಲ ಹೇಳಿದಾಗ ಏಳುವ ಪ್ರಶ್ನೆ ಒಂದಿದೆ: ಕಡಲೇ ಬಿಸಿಯಾಗುತ್ತಿರುವಾಗ ಒಬ್ಬನ ಬೆರಳು ಯಾವ ಲೆಕ್ಕ? ಪ್ರಶ್ನೆಯಲ್ಲಿ ಸತ್ಯವಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ವಿಜ್ಞಾನಿಗಳು 1998ರಿಂದ ಲಕ್ಷದ್ವೀಪದ ಹವಳವನ್ನು ಗಮನಿಸುತ್ತಾ ಬಂದಿದ್ದಾರೆ. ಆಗ ಸುಮಾರು ಶೇ 37ರಷ್ಟಿದ್ದ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ರ ಆಸುಪಾಸಿಗೆ ಇಳಿದಿದೆ. 1998, 2010, 2016ರ ಬಿಸಿನೀರಿನ ಅಲೆಗಳು ಅದನ್ನು ಬಿಳಿಚಿಸಿದವು. 2024ರಲ್ಲಿ ಮತ್ತೊಂದು ಬಂತು. ನೀರನ್ನು ತಣ್ಣಗಿಡುವುದು ಡೈವರ್ ಕೈಯಲ್ಲಿಲ್ಲ. ಆದರೆ ಬಿಸಿಗೆ ಪಾಚಿಯನ್ನು ಕಳೆದುಕೊಂಡು ಹಸಿದು ನಿಂತ ಹವಳಕ್ಕೆ ಚೇತರಿಸಿಕೊಳ್ಳಲು ಕೆಲವು ನೆಮ್ಮದಿಯ ವರ್ಷಗಳು ಬೇಕು. ಆ ನೆಮ್ಮದಿಯನ್ನು ಡೈವರ್ ಉಳಿಸಬಹುದು, ಕೆಡಿಸಲೂಬಹುದು. ಡೈವಿಂಗ್ ಹರಡಿಕೊಂಡು ನಡೆಯುವ ಕೆಲಸವಲ್ಲ; ಅದೇ ಆಳವಿಲ್ಲದ, ಅಲೆಯಿಲ್ಲದ ಒಂದೆರಡು ಜಾಗಕ್ಕೆ ದಿನವೂ ಎಲ್ಲ ದೋಣಿಗಳೂ ಬರುತ್ತವೆ. ಅಲ್ಲಿನ ಹವಳದ ಪಾಲಿಗೆ ಒಬ್ಬನ ಬೆರಳೆಂಬುದೇ ಇಲ್ಲ, ಇಡೀ ಋತುವಿನ ಬೆರಳುಗಳಿವೆ.

ನೇತ್ರಾಣಿ ಸಾಕಷ್ಟು ಪೆಟ್ಟು ತಿಂದ ದ್ವೀಪ. ನೌಕಾಪಡೆ ಅದನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿಸಿಕೊಂಡಿತ್ತು. ಆದರೂ ಅದರ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ನೀರಿನಡಿ ಗಿಳಿಮೀನು, ಕೋಡಂಗಿ ಮೀನು, ಈಲ್‌ಗಳಿವೆ. ಮಳೆಗಾಲದಲ್ಲಿ ಕಡಲು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಉಳಿದ ತಿಂಗಳುಗಳಲ್ಲಿ ಅದಕ್ಕೆ ಕಾವಲೆಂದರೆ ಅಲ್ಲಿಗೆ ಹೋಗುವವರ ನಡತೆ, ಅವರನ್ನು ಕರೆದೊಯ್ಯುವವರ ನಡತೆ.

ಕರೆದೊಯ್ಯುವವರ ನಡತೆಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹಣ ಕೊಡುವ ನಾವೇ. ಗಿರಾಕಿ ಕೇಳುತ್ತಾನೆಂದೇ ಗೈಡ್ ಬಿಲದಿಂದ ಆಕ್ಟೋಪಸ್ ಹೊರಗೆಳೆದು ತೋರಿಸುವುದು, ಕೇಳದಿದ್ದರೆ ಎಳೆಯುವುದಿಲ್ಲ. ಬುಕ್ ಮಾಡುವಾಗ ದರ, ಫೋಟೋ, ವಿಡಿಯೊ ವಿಚಾರಿಸುವ ಹಾಗೆ ಇನ್ನೂ ಕೆಲವನ್ನು ವಿಚಾರಿಸಬಹುದು. ಒಬ್ಬ ಇನ್‌ಸ್ಟ್ರಕ್ಟರ್ ಒಮ್ಮೆಗೆ ಎಷ್ಟು ಮಂದಿಯನ್ನು ಇಳಿಸುತ್ತಾರೆ? ದೋಣಿಯನ್ನು ಬೋಯ್‌ಗೆ ಕಟ್ಟುತ್ತಾರೋ, ಲಂಗರು ಎಸೆಯುತ್ತಾರೋ? ಲಂಗರನ್ನಾದರೆ ಮರಳಿಗೋ ಹವಳಕ್ಕೋ? ನೂರು ಫಿನ್ ಮಾಡುವ ಹಾನಿಯನ್ನು ಒಂದು ಲಂಗರು ಒಂದೇ ಬಾರಿಗೆ ಮಾಡುತ್ತದೆ. ತೂಕ ಅಳೆದು ಕಟ್ಟುತ್ತಾರೋ, ಎಲ್ಲರಿಗೂ ಒಂದೇ ಬೆಲ್ಟೋ? ಬಿಸಿಲಿಗೆ ಕ್ರೀಮ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಈಜುಡುಗೆ ಸಿಗುತ್ತದೆಯೋ? ಹವಾಯಿ ಮತ್ತು ಪಲಾವ್ ದ್ವೀಪಗಳು ಆಕ್ಸಿಬೆನ್‌ಜೋನ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನೇ ತಡೆದಿವೆ. ನಾನು ಕೈಯನ್ನೋ ಕಾಲನ್ನೋ ಹವಳಕ್ಕೆ ತಾಗಿಸಿದರೆ ತೋಳು ತಟ್ಟಿ ಎಚ್ಚರಿಸುತ್ತೀರಾ ಎಂದೂ ಮೊದಲೇ ಕೇಳಿಬಿಡುವುದು ಒಳ್ಳೆಯದು. ಇಂಥ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುವ ಡೈವ್ ಸೆಂಟರ್‌ನಲ್ಲಿ ದರ ಒಂದಿಷ್ಟು ಹೆಚ್ಚಿದ್ದರೂ ಅಲ್ಲಿಗೇ ಹೋಗಿ.